ಮಿಕ್ಸೆಡ್ ಗಾಡಿ ಹತ್ತಿದ ಬೆಳಗ್ಗೆ

ಗುಬ್ಬಿಯಿಂದ ತುಮಕೂರಿಗೆ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಆರು ವರ್ಷ ಓಡಾಡಿದ್ದೆ. ತುಮಕೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಂ ಆಗಿದ್ದೆ. ಹೆಂಗಸರ ಡಬ್ಬಿಯಲ್ಲಿ ನನ್ನ ಪಕ್ಕ ದಿನವೂ ಕೂರುತ್ತಿದ್ದವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿ. ನನಗಿಂತ ಹತ್ತು ವರ್ಷ ಚಿಕ್ಕವಳು, ಅಕ್ಕಾ ಅನ್ನುತ್ತಿದ್ದಳು. ಅವಳಿಗೆ ಮದುವೆ ಗೊತ್ತಾದದ್ದು, ಆಮೇಲೆ ಎರಡು ಸಲ ಬಸಿರು ನಿಲ್ಲದೆ ಹೋದದ್ದು, ಎಲ್ಲವನ್ನೂ ಅವಳು ನನಗೆ ಹೇಳಿಕೊಂಡದ್ದು ಆ ಮರದ ಬೆಂಚಿನ ಮೇಲೇ.

ಅರವತ್ತರ ದಶಕದ ಆರಂಭದಲ್ಲಿ ನನ್ನವರು ತೀರಿಕೊಂಡರು. ಅಣ್ಣ ಅಮೃತೂರಿನಿಂದ ಬಂದು, ಕೆಲಸ ಬಿಟ್ಟು ತವರಿಗೆ ಬಂದುಬಿಡು ಎಂದ. ಆಗಲ್ಲ ಎಂದೆ. ತಿಂಗಳು ಕಳೆದು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವಳಿಗೆ ಮತ್ತೆ ಮೂರು ತಿಂಗಳೆಂಬ ಸುದ್ದಿ ಕಿವಿಗೆ ಬಿತ್ತು. ಬೆಳಗ್ಗೆ ಎದ್ದು ಅವಳು ನನ್ನ ಬೋಳು ಹಣೆ ನೋಡಬಾರದು ಎಂದು ನಾನೇ ತೀರ್ಮಾನಿಸಿದೆ. ಶಕುನದಲ್ಲಿ ನನಗೆ ನಂಬಿಕೆ ಇರಲಿಲ್ಲ. ಆದರೆ ಈ ಸಲವೂ ಏನಾದರೂ ಆಗಿಹೋದರೆ ಎಂಬ ಭಯವಿತ್ತು.

ಪ್ಯಾಸೆಂಜರ್‌ಗಿಂತ ಒಂದು ಗಂಟೆ ಮೊದಲು ಒಂದು ಮಿಕ್ಸೆಡ್ ಗಾಡಿ ಹೊರಡುತ್ತಿತ್ತು. ಸಾಲು ಗೂಡ್ಸ್ ವ್ಯಾಗನ್ನು, ಬಾಲಕ್ಕೆ ಎರಡು ಡಬ್ಬಿ. ಮಲ್ಲಸಂದ್ರದಲ್ಲಿ ಪಕ್ಕದ ಹಳಿಗೆ ಸರಿದು, ಪ್ಯಾಸೆಂಜರ್ ಮುಂದೆ ಹೋಗುವ ತನಕ ನಿಂತಿರುತ್ತಿತ್ತು. ಪುರುಸೊತ್ತು ಇರುವವರು ಮಾತ್ರ ಹತ್ತುವ ಗಾಡಿ. ಸ್ಕೂಲಿಗೆ ತಡವಾದರೆ ಆಗಲಿ ಎಂದು ಅದನ್ನೇ ಹತ್ತಿದೆ.

ಹತ್ತಿ ನೋಡಿದರೆ ಮೂಲೆಯಲ್ಲಿ ಅವಳು ಕೂತಿದ್ದಳು.

ನಾನು ಈಚೆ ಕಿಟಕಿಯ ಪಕ್ಕ ಕೂತೆ. ಗಾಡಿ ಹೊರಟ ಮೇಲೆ ಅವಳು ತಲೆ ತಗ್ಗಿಸಿಕೊಂಡೇ, "ಇವತ್ತಿಂದ ನೀವು ಬರ್ತೀರ ಅಂತ ಗೊತ್ತಾಯ್ತು ಅಕ್ಕ. ಆ ಗಾಡಿ ಬ್ಯಾಡ ಅಂದ್ರು ನಮ್ಮತ್ತೆ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ, ಆ ಅತ್ತೆಯ ಮೇಲೂ ಅಲ್ಲ. ಕಂಡವರ ಮನೆಯ ಮುದುಕಿ ಹೇಳಿದ್ದನ್ನೇ ನಾನು ಯಾರೂ ಹೇಳದೆ ಮಾಡಿದ್ದೆ. ಓದು ಕಲಿತು, ನಾಲ್ಕು ಮಕ್ಕಳಿಗೆ ಪಾಠ ಹೇಳುವವಳು! ಆದರೂ ಆ ಸಿಟ್ಟಿನಲ್ಲೇ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಕೂತೆ. ನಾಳೆಯಿಂದ ಅವಳು ಪ್ಯಾಸೆಂಜರ್‌ಗೇ ಹೋಗಲಿ, ಈ ಕುಲುಕಾಟ ಅವಳಿಗೆ ಒಳ್ಳೆಯದಲ್ಲ, ನಾನು ಇದರಲ್ಲೇ ಬರುತ್ತೇನೆ ಎಂದು ಕಿಟಕಿಗೇ ಹೇಳಿದೆ.

ಮಲ್ಲಸಂದ್ರದಲ್ಲಿ ಗಾಡಿ ನಿಂತಿತು. ನಮ್ಮ ಪ್ಯಾಸೆಂಜರ್ ಸದ್ದು ಮಾಡುತ್ತ ಪಕ್ಕದಲ್ಲೇ ಹಾದುಹೋಯಿತು. ಅವಳು ಎದ್ದು ಬಂದು ಎದುರು ಬೆಂಚಿನಲ್ಲಿ ಕೂತಳು.

"ಈ ಕಡೆ ತಿರುಗಿ ಅಕ್ಕ."

ತಿರುಗಲಿಲ್ಲ. ಗಲ್ಲ ಹಿಡಿದು ಅವಳೇ ತಿರುಗಿಸಿಕೊಂಡಳು. ನನ್ನ ಹಣೆಯನ್ನು, ಕಣ್ಣನ್ನು ನಿಧಾನವಾಗಿ ನೋಡಿದಳು.

"ನೋಡ್ದೆ. ಆಯ್ತಲ್ಲ? ನಾಳೆಯಿಂದ ಇಬ್ರೂ ನಮ್ ಗಾಡಿಗೇ ಹೋಗಣ."

ಗಂಡ ಹೋದಾಗಲೂ ಜನರೆದುರು ಅಳದವಳು ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ.

ಇದನ್ನು ಕೇಳಿದವರೆಲ್ಲ, ಆ ಬಸಿರು ನಿಂತಿತೇ ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ. ನಿಂತಿತು ಎಂದರೂ ಹೋಯಿತು ಎಂದರೂ ಅವರು ನೋಡುವುದು ನನ್ನ ಹಣೆಯನ್ನೇ.