ಸುಮನಬಾಯಿಯ ಬೆರಳು, ಮಚ್ಚೇಂದ್ರರ ಹೊಟ್ಟೆಯುರಿ

ಬೆಳಗಿನ ಆರೂಕಾಲು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕೊನೆಯ ಶೆಡ್ಡಿನಲ್ಲಿ ಇನ್ನೂ ಒಂದು ಯಂತ್ರವೂ ಶುರುವಾಗಿಲ್ಲ. ಮೂಡಣ ಕಿಟಕಿಯಿಂದ ಓರೆಯಾಗಿ ಬಂದ ಬಿಸಿಲು ಮೇಜಿನ ಮೇಲಿನ ಉಕ್ಕಿನ ಕೊಳವೆಯೊಳಗೆ ಬೀಳುತ್ತಿದೆ. ಕೊಳವೆಯ ಒಂದು ಬಾಯಿ ತುತ್ತೂರಿಯಂತೆ ಅಗಲ, ಒಳಗೆ ಹೋದಂತೆ ಕಿರಿದು, ಮುಖ ಕಾಣುವಷ್ಟು ನುಣುಪು. ಕಿರಿದಾದ ಆ ಭಾಗದಲ್ಲಿ ಸುತ್ತಲೂ ನಾಲ್ಕು ಸಣ್ಣ ತೂತುಗಳಿವೆ. ಸುಮನಬಾಯಿ ಚಿಟಿಕೆ ಹತ್ತಿ ಹಿಡಿದು ಮೊದಲ ತೂತಿನ ಅಂಚಿನ ಮೇಲೆ ನಾಲ್ಕೂ ಕಡೆಯಿಂದ ಮೆಲ್ಲಗೆ ಎಳೆಯುತ್ತಾರೆ. ಒಂದು ಎಳೆಯೂ ಸಿಕ್ಕಿಕೊಳ್ಳುವುದಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಬಂದಾಗ ಕೈ ನಿಲ್ಲುತ್ತದೆ. ಹತ್ತಿ ಕೆಳಗಿಟ್ಟು, ಕಣ್ಣು ಮುಚ್ಚಿ, ತೋರುಬೆರಳನ್ನು ಕೊಳವೆಯೊಳಗೆ ಇಳಿಸುತ್ತಾರೆ.

ಹತ್ತು ಹೆಜ್ಜೆ ಆಚೆ ಲೇತ್ ಯಂತ್ರವನ್ನು ಒರೆಸುತ್ತಿರುವ ಮಚ್ಚೇಂದ್ರರ ಗಮನ ಯಂತ್ರದ ಮೇಲಿಲ್ಲ. ಆ ಕೊಳವೆ ಕಡೆದವರು ಅವರು. ಆ ಬೆರಳು ಅವರ ಹೆಂಡತಿಯದು.

"ಮೂರನೇದ್ರಾಗ ಮುಳ್ಳ ಅದರಿ," ಎನ್ನುತ್ತಾರೆ ಸುಮನಬಾಯಿ.

"ಲೆನ್ಸ್ ಹಿಡಿದು ನೋಡು ಮೊದಲ."

"ನೀವೇ ನೋಡ್ರಿ."

ಮಚ್ಚೇಂದ್ರ ಬಂದು ನೋಡುತ್ತಾರೆ. ಇದೆ. ಕೊಳವೆಯನ್ನು ಎತ್ತಿಕೊಂಡು ವಾಪಸ್ಸು ಹೋಗುತ್ತಾರೆ. ಸುಮನಬಾಯಿ, ತುಂಡು ಫೇಲ್ ಎನ್ನುವ ಕೆಂಪು ಚೀಟಿ ಬರೆಯುತ್ತಾರೆ. ಈ ವರ್ಷ ಅವರು ಬರೆದ ಕೆಂಪು ಚೀಟಿಗಳು ಹತ್ತೊಂಬತ್ತು. ಅದರಲ್ಲಿ ಹದಿನಾಲ್ಕು ಗಂಡನ ಹೆಸರಿಗೆ. ಈ ಲೆಕ್ಕ ಇಟ್ಟಿರುವುದು ಸುಮನಬಾಯಿ ಅಲ್ಲ, ಮಚ್ಚೇಂದ್ರ.

ಕಾರ್ಖಾನೆಯ ಹೆಸರು ಬರೆಯಬಾರದು ಎಂಬುದು ಮಾಲಕ ಬಂಡೆಪ್ಪನವರ ಷರತ್ತು. ಇಪ್ಪತ್ಮೂರು ಜನ ದುಡಿಯುವ ಸಣ್ಣ ಜಾಗ ಇದು. ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳು ದಿನಕ್ಕೆ ನಲವತ್ತರಂತೆ ತಯಾರಾಗುತ್ತವೆ. ಆದರೆ ವರ್ಷಕ್ಕೆ ಎರಡು ಮೂರು ಸಲ ಬರುವ ಕೆಲಸವೊಂದಿದೆ, ಅದು ಬಂದಾಗ ಶೆಡ್ಡಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಅಣು ವಿದ್ಯುತ್ ಸ್ಥಾವರದ ನೀರಿನ ಕೊಳವೆಯ ನಡುವೆ ಕೂರಿಸುವ, ನೀರಿನ ಹರಿವು ಅಳೆಯುವ ನಾಝಲ್‌ಗಳು. ನೀರು ಈ ಕಿರಿದಾದ ಕಂಠದಲ್ಲಿ ನುಗ್ಗುವಾಗ ಅದರ ಒತ್ತಡ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದನ್ನು ಆ ನಾಲ್ಕು ತೂತುಗಳು ಹೇಳುತ್ತವೆ. ಅದರಿಂದ ಹರಿವಿನ ಲೆಕ್ಕ, ಹರಿವಿನಿಂದ ಅಣುಕುಲುಮೆಯ ಶಾಖದ ಲೆಕ್ಕ.

ಸುಮನಬಾಯಿ ಇದನ್ನು ತಮ್ಮ ರೀತಿಯಲ್ಲಿ ಹೇಳುತ್ತಾರೆ: "ಒಲಿ ಮ್ಯಾಲ ನೀರಿಟ್ಟೀವಿ ಅಂತ ತಿಳ್ಕೋರಿ. ನೀರು ಎಷ್ಟದ ಅಂತ ಖರೇ ಗೊತ್ತಿದ್ರ ಉರಿ ಎಷ್ಟದ ಅಂತ ಹೇಳಬಹುದು. ನೀರು ಕಮ್ಮಿ ತೋರಿಸ್ತು ಅಂದ್ರ, ಉರಿನೂ ಕಮ್ಮಿ ಅದ ಅಂತ ತಿಳ್ಕೊಂಡು ಮತ್ತ ಕಟ್ಟಿಗಿ ಹಾಕ್ತಾರ. ಅಲ್ಲಿ ಹಾಕೋದು ಕಟ್ಟಿಗಿ ಅಲ್ಲಲ್ರಿ."

ತೂತು ಕೊರೆದಾಗ ಅಂಚಿನಲ್ಲಿ ಕೂದಲೆಳೆಗಿಂತ ಸಣ್ಣ ಲೋಹದ ಮುಳ್ಳು ಉಳಿಯುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ 'ಬರ್' ಎನ್ನುತ್ತಾರೆ. ಒಂದು ಬರ್ ಸಾಕು, ಒತ್ತಡದ ಲೆಕ್ಕ ತಪ್ಪಲು. ಅದನ್ನು ಹುಡುಕುವುದೇ ಸುಮನಬಾಯಿಯ ಕೆಲಸ.

ದಂಪತಿಯ ಮನೆ ಬಸವಕಲ್ಯಾಣದಲ್ಲಿ. ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹುಮನಾಬಾದಿಗೆ ಬರುತ್ತಾರೆ. ಮಚ್ಚೇಂದ್ರ ಇಲ್ಲಿ ಲೇತ್ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಸುಮನಬಾಯಿ ಮೊದಲು ಮನೆಯಲ್ಲೇ ಕೌದಿ ಹೊಲಿಯುತ್ತಿದ್ದರು. ಮುರಿದ ಸೂಜಿಯ ತುದಿ ಬಟ್ಟೆಯ ಏಳು ಪದರದ ಒಳಗಿದ್ದರೂ ಬೆರಳಿಗೆ ತಿಳಿಯುತ್ತಿತ್ತು. ಎಂಟು ವರ್ಷದ ಹಿಂದೆ ಪ್ಯಾಕಿಂಗಿಗೆ ಒಬ್ಬರು ಬೇಕು ಎಂದಾಗ ಮಚ್ಚೇಂದ್ರರೇ ಕರೆತಂದರು. ಎಣ್ಣೆ ಕಾಗದ ಸುತ್ತುವ ಕೆಲಸ. ಎರಡನೇ ವಾರದಲ್ಲಿ ಸುತ್ತುತ್ತಾ ಸುತ್ತುತ್ತಾ ಅವರು ಹೇಳಿದರು, "ಇದರಾಗ ಏನೋ ಚುಚ್ಚಾಕತ್ಯಾದ." ತಪಾಸಣೆಯಲ್ಲಿ ಪಾಸಾಗಿದ್ದ ತುಂಡು ಅದು. ಲೆನ್ಸ್ ಹಿಡಿದರೆ ಬರ್ ಇತ್ತು. ಕಡೆದವರು ಮಚ್ಚೇಂದ್ರ.

"ಎಲ್ಲಾರೂ ನಕ್ರು. ನಾನೂ ನಕ್ಕೆ," ಎನ್ನುತ್ತಾರೆ ಅವರು. "ಒಳಗ ಮಾತ್ರ ಮೆಣಸಿನಕಾಯಿ ಇಟ್ಟಂಗ ಆಗಿತ್ತು."

ಆ ಉರಿ ಮುಂದೆ ಬೆಳೆಯುತ್ತಲೇ ಹೋಯಿತು. ಸುಮನಬಾಯಿಗೆ ಕಿಟಕಿ ಪಕ್ಕ ಮೇಜು ಸಿಕ್ಕಿತು, ತಿರುಗುವ ಕುರ್ಚಿ ಸಿಕ್ಕಿತು. ಮಚ್ಚೇಂದ್ರ ಇಪ್ಪತ್ತೆರಡು ವರ್ಷವೂ ನಿಂತೇ ಕೆಲಸ ಮಾಡಿದವರು. ಬಂದವರಿಗೆಲ್ಲ ಬಂಡೆಪ್ಪ ಮೊದಲು ತೋರಿಸುವುದು ಆ ಮೇಜನ್ನೇ. ಮನೆಯಲ್ಲಿ ಪಾತ್ರೆ ತಿಕ್ಕಿದರೆ, ಖಾರ ಕುಟ್ಟಿದರೆ ಬೆರಳು ಒರಟಾಗುತ್ತದೆ ಎಂದು ತಪಾಸಣೆಯ ಮೆಹರೀನ್ ಮೇಡಂ ಒಮ್ಮೆ ತಮಾಷೆಗೆ ಹೇಳಿದ್ದನ್ನು ಸುಮನಬಾಯಿ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಪಾತ್ರೆ ಮಚ್ಚೇಂದ್ರರ ಪಾಲಿಗೆ. "ಅಕಿ ಬೆರಳು ನುಣ್ಣಗ ಇರ್ಲಿ ಅಂತ ನಾ ಬೂದಿ ಹಚ್ಚಿ ತಿಕ್ಕಬೇಕು. ಮತ್ತ ಅದೇ ಬೆರಳಿಲೆ ನನ್ನ ಪೀಸ್ ಫೇಲ್ ಮಾಡ್ತಾಳ. ಇದ್ಯಾವ ನ್ಯಾಯರಿ?"

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳ ಸಂಗತಿಯನ್ನು ಅವರು ತಾವಾಗಿಯೇ ಹೇಳುತ್ತಾರೆ. ಸುಮನಬಾಯಿ ಎದುರಿಗೇ ಕೂತಿದ್ದಾರೆ.

ಆರು ನಾಝಲ್‌ಗಳು ನೀರಿನ ಪರೀಕ್ಷೆಗಾಗಿ ಹೊರರಾಜ್ಯದ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಹಿಂದಿನ ದಿನ ಅಲ್ಲಿಂದ ಎಂಜಿನಿಯರ್ ಒಬ್ಬರು ನೋಡಲು ಬಂದಿದ್ದರು. ಸುಮನಬಾಯಿಯ ಮೇಜಿನ ಮುಂದೆ ಅರ್ಧ ತಾಸು ನಿಂತರು, ಕೈ ಮುಗಿದರು. ಹೊರಡುವಾಗ ಲೇತ್ ಹತ್ತಿರ ಬಂದು ಮಚ್ಚೇಂದ್ರರನ್ನು ಕೇಳಿದರು, "ಸುಮನಬಾಯಿ ಅವರ ಯಜಮಾನರು ನೀವೇ ಏನು?"

"ಆ ಪೀಸ್ ನನ್ನ ಕೈಯಾಗೇ ಇತ್ತರಿ. ಇದನ್ನ ಮಾಡಿದಾಂವ ನಾನು ಅಂತ ಹೇಳಬೇಕು ಅನಸ್ತು. ಹೌದ್ರಿ, ಯಜಮಾನ ನಾನೇ ಅಂದೆ."

ಎಂಜಿನಿಯರ್ ಹೋದ ಮೇಲೆ ಮಚ್ಚೇಂದ್ರ ಕೊನೆಯ ನಾಝಲ್ಲಿನ ನಾಲ್ಕನೇ ತೂತು ಕೊರೆದರು. ಬರ್ ಬಂತು. ತೆಗೆಯಲಿಲ್ಲ. ಸಣ್ಣ ಕಡ್ಡಿಯಿಂದ ಅದನ್ನು ಅಂಚಿಗೆ ಅಂಟಿಸಿದಂತೆ ಒಂದೇ ಕಡೆಗೆ ಮಲಗಿಸಿದರು. ಹತ್ತಿ ಅದರ ಮೇಲೆ ಜಾರಿ ಹೋಗುವಂತೆ, ಬೆರಳಿಗೂ ಸಿಗದಂತೆ. ಬೆಳಿಗ್ಗೆ ಸುಮನಬಾಯಿ ಅದನ್ನು ಪಾಸು ಮಾಡಬೇಕು, ಎಲ್ಲರೂ ಇದ್ದಾಗ ತಾನು ಎಬ್ಬಿಸಿ ತೋರಿಸಬೇಕು. ಅಷ್ಟೇ ಲೆಕ್ಕ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲೇ ಫೋನ್ ಬಂತು. ತವರೂರು ನಿರ್ಣಾದಲ್ಲಿ ಸುಮನಬಾಯಿಯ ತಾಯಿ ಜಿಜಾಬಾಯಿ ಬಿದ್ದು ಕಾಲು ಮುರಿದುಕೊಂಡಿದ್ದರು. ಸುಮನಬಾಯಿ ಅಲ್ಲಿಂದಲೇ ಊರಿಗೆ ಹೊರಟರು. ಕಾರ್ಖಾನೆಯಲ್ಲಿ ಆ ನಾಝಲ್ಲನ್ನು ಮೆಹರೀನ್ ನೋಡಿದರು. ಲೆನ್ಸ್ ಹಿಡಿದರು, ಹತ್ತಿ ಎಳೆದರು. ಏನೂ ಸಿಗಲಿಲ್ಲ. ಹಸಿರು ಚೀಟಿ ಅಂಟಿಸಿ ನಕ್ಕರು: "ಸುಮನಕ್ಕ ಇಲ್ಲಂದ್ರೂ ಏನಾತು? ಮಚ್ಚೇಂದ್ರಣ್ಣನ ಕೈ ಅಂದ್ರ ಕೈ."

"ಆರು ವರ್ಷದಾಗ ಮೊದಲ್ನೇ ಸಲ ನನ್ನ ಹೊಗಳಿದ್ರು," ಎನ್ನುತ್ತಾರೆ ಮಚ್ಚೇಂದ್ರ. "ಅದೂ ನಾ ಕೆಡಿಸಿದ ಪೀಸಿಗೆ."

ಹತ್ತು ಗಂಟೆಗೆ ಹೇಳೋಣ ಎಂದುಕೊಂಡರು. ಹನ್ನೊಂದಕ್ಕೆ ಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದು ಕೇಳಿಸಿತು. ಊಟದ ಡಬ್ಬಿ ಬಿಚ್ಚಲೇ ಇಲ್ಲ. ಪ್ರಯೋಗಾಲಯದಲ್ಲಿ ಸಿಕ್ಕಿಬಿದ್ದರೆ ಇಪ್ಪತ್ಮೂರು ಜನರ ಕೆಲಸಕ್ಕೆ ಕುತ್ತು. ಸಿಗದೇ ಹೋದರೆ ಅದಕ್ಕಿಂತ ಕೆಟ್ಟದ್ದು. ಆದರೂ ಬಾಯಿ ಬರಲಿಲ್ಲ. ಯಾಕೆಂದರೆ ಹೇಳಿದರೆ ಆ ಹೊಗಳಿಕೆಯೂ ಹೋಗುತ್ತಿತ್ತು.

ಮೂರು ಗಂಟೆಗೆ ಲಾರಿ ಚಾಲೂ ಆಯಿತು. ಮಚ್ಚೇಂದ್ರ ಓಡಿ ಹೋಗಿ ಮುಂದೆ ನಿಂತರು.

"ಆರನೇ ಪೆಟ್ಟಿಗಿ ಇಳಿಸ್ರಿ ಸಾವ್ಕಾರ್ರ."

"ಯಾಕೋ?" ಎಂದರು ಬಂಡೆಪ್ಪ.

"ನಾಕನೇ ತೂತಿನಾಗ ಬರ್ ಅದರಿ. ನಾನೇ ಬಿಟ್ಟೀನಿ."

ಪೆಟ್ಟಿಗೆ ಒಡೆದರು. ಮೆಹರೀನ್ ಮತ್ತೆ ಲೆನ್ಸ್ ಹಿಡಿದರು, ಆಗಲೂ ಕಾಣಲಿಲ್ಲ. ಮಚ್ಚೇಂದ್ರ ಕಡ್ಡಿಯಿಂದ ಹಿಂದಿನಿಂದ ತಳ್ಳಿದರು. ಮುಳ್ಳು ಎದ್ದು ನಿಂತಿತು. ಮೆಹರೀನ್ ಲೆನ್ಸ್ ಕೆಳಗಿಟ್ಟರು. ಹಸಿರು ಚೀಟಿಯ ಮೇಲೆ ಅವರ ಸಹಿ ಇತ್ತು. ಬಂಡೆಪ್ಪ "ಮನೀಗಿ ನಡಿ," ಎಂದರಷ್ಟೇ.

ಕೆಲಸದಿಂದ ತೆಗೆಯಲಿಲ್ಲ. ಮೂರು ತಿಂಗಳು ಲೇತ್ ಮುಟ್ಟುವ ಹಾಗಿರಲಿಲ್ಲ. ಸುಮನಬಾಯಿ ಮೊಟ್ಟಮೊದಲು ಕೂತಿದ್ದ ಜಾಗದಲ್ಲೇ ಕೂತು ಮಚ್ಚೇಂದ್ರ ಎಣ್ಣೆ ಕಾಗದ ಸುತ್ತಿದರು.

ನಾಲ್ಕು ದಿನ ಬಿಟ್ಟು ಊರಿಂದ ಬಂದ ಹೆಂಡತಿ ಅಳಲಿಲ್ಲ, ಬಯ್ಯಲಿಲ್ಲ. ಊಟಕ್ಕೆ ಬಡಿಸಿ ಕೇಳಿದ್ದು ಒಂದೇ ಮಾತು: "ಮಲಗಿಸಿದ್ರಂತಲ್ಲ, ಯಾ ಕಡೀಗಿ ಮಲಗಿಸಿದ್ರಿ?"

ಮಚ್ಚೇಂದ್ರ ತಾಟಿನ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದರು. ಅದಾದ ಮೇಲೆ ಎಂಟು ದಿನ ಸುಮನಬಾಯಿ ಅವರ ಜೊತೆ ಮಾತಾಡಲಿಲ್ಲ. ಆದರೆ ಮರುದಿನದಿಂದಲೇ ಹತ್ತಿಯನ್ನು ಒಂದು ಕಡೆಯಿಂದ ಎಳೆಯುವುದನ್ನು ಬಿಟ್ಟು ನಾಲ್ಕೂ ಕಡೆಯಿಂದ ಎಳೆಯತೊಡಗಿದರು. ಈಗ ಕಾರ್ಖಾನೆಯಲ್ಲಿ ಎಲ್ಲರಿಗೂ ಅದೇ ಪದ್ಧತಿ. ಬಂಡೆಪ್ಪ ಅದನ್ನು ಸುಮನಬಾಯಿಯ ಹೆಸರಿನಲ್ಲೇ ಬರೆಸಿ ಗೋಡೆಗೆ ಹಾಕಿದ್ದಾರೆ.

"ನೋಡ್ರಿ, ನನ್ನ ಗಲತಿನೂ ಅಕಿ ಹೆಸರಿಗೇ ಹೋತು," ಎನ್ನುತ್ತಾರೆ ಮಚ್ಚೇಂದ್ರ.

ಸುಮನಬಾಯಿ ಇಷ್ಟು ಹೊತ್ತಿಗೆ ಮೊದಲ ಸಲ ನಡುವೆ ಬಾಯಿ ಹಾಕುತ್ತಾರೆ. "ಇವ್ರು ಲಾರಿ ಮುಂದ ನಿಂತದ್ದು ಬರೀರಿ. ಮಲಗಿಸಿದ್ದು ಯಾರರೆ ಮಾಡ್ತಿದ್ರು. ನಿಂತು ಹೇಳೋದು ಜರಾ ಕಠಿಣ." ಆಮೇಲೆ, ಹೆಚ್ಚಾಯಿತು ಅನಿಸಿತೋ ಏನೋ, "ಹಂಗಂತ ಇವತ್ತಿನ ಮೂರನೇ ತೂತು ಪಾಸ್ ಆಗಂಗಿಲ್ಲ," ಎಂದು ಸೇರಿಸುತ್ತಾರೆ.

ಸುಮನಬಾಯಿಗೆ ಇರುವ ಆಸೆ ಒಂದೇ. ತಾವು ಮುಟ್ಟಿ ಕಳಿಸಿದ ಕೊಳವೆಯಲ್ಲಿ ನೀರು ಹರಿಯುವುದನ್ನು ಒಮ್ಮೆ ಕೇಳಬೇಕು. ಎಂಟು ವರ್ಷದಲ್ಲಿ ಆ ಸದ್ದು ಹೇಗಿರುತ್ತದೆಂದು ಅವರಿಗೆ ಗೊತ್ತಿಲ್ಲ. ಈ ಸಲದ ನಾಝಲ್‌ಗಳ ಜೊತೆ ಪರೀಕ್ಷೆಗೆ ಕಾರ್ಖಾನೆಯಿಂದ ಒಬ್ಬರು ಬರಬಹುದು ಎಂದು ಪ್ರಯೋಗಾಲಯದವರು ತಿಳಿಸಿದ್ದಾರೆ. ಬಂಡೆಪ್ಪ ಸುಮನಬಾಯಿ ಮತ್ತು ಮೆಹರೀನ್ ಇಬ್ಬರ ಹೆಸರು ಬರೆದು ಕಳಿಸಿದ್ದರು. ಒಪ್ಪಿಗೆ ಬಂದಿರುವುದು ಸುಮನಬಾಯಿಗೆ. ಬರುವ ಸೋಮವಾರ ಪ್ರಯಾಣ.

ಈ ಸಲದ ನಾಝಲ್‌ಗಳನ್ನೂ ಕಡೆದವರು ಮಚ್ಚೇಂದ್ರ. ಅವರ ಹೆಸರನ್ನು ಯಾರೂ ಬರೆದಿರಲಿಲ್ಲ.

"ನಿಮಗೆ ಹೇಗನಿಸುತ್ತದೆ?" ಎಂದು ಕೇಳಿದರೆ ಅವರು ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಳ್ಳುತ್ತಾರೆ.

"ಬಸ್‌ ಸ್ಟ್ಯಾಂಡಿಗೆ ಬಿಡಾಕ ಹೋಗ್ತೀನ್ರಿ. ಬ್ಯಾಗ್ ನಾನೇ ಹಿಡೀತೀನಿ," ಎನ್ನುತ್ತಾರೆ. "ಖುಷಿಲಿಂದ ಹೋದ ಅಂತ ಮಾತ್ರ ಬರೀಬ್ಯಾಡ್ರಿ. ಹೋದ ಅಂತಷ್ಟೇ ಬರೀರಿ."