ಕಾರ್ಡಿನ ದುಡ್ಡಲ್ಲಿ ತೀರಿದ ಕೈಗಡ

ಕೈಗಡ ಕೊಟ್ಟ ದುಡ್ಡು ಕೇಳದೆಯೇ ವಾಪಸ್ ಬಂದರೆ ನೀವೇನು ಮಾಡುತ್ತೀರಿ? ನಾನು ಎಣಿಸಿಕೊಂಡೆ. ಎರಡು ಸಲ.

ಹದಿನೈದು ದಿನದ ಹಿಂದಿನ ಮಾತು. ಇಸಳೂರಿನ ನಮ್ಮ ಮನೆಯ ಗೇಟಿನ ಮುಂದೆ ಸುವರ್ಣಾಳ ಸ್ಕೂಟಿ ಬಂದು ನಿಂತಿತು. ಸುವರ್ಣಾ ಶಿರಸಿ ಪೇಟೆಯಲ್ಲಿ ಬ್ಲೌಸಿಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕಿಕೊಡುವ ಅಂಗಡಿ ಇಟ್ಟವಳು. ತವರು ಬನವಾಸಿ ಕಡೆ. ಮಾತೂ ಆ ಕಡೆಯದೇ, ಗತ್ತೂ ಆ ಕಡೆಯದೇ. ಮೂರು ವರ್ಷದ ಹಿಂದೆ ಮಷಿನ್ ತರುವಾಗ ನನ್ನಿಂದ ನಲವತ್ತು ಸಾವಿರ ಒಯ್ದಿದ್ದಳು. (ಅದನ್ನು ನಾನು ಮರೆತೇ ಬಿಟ್ಟಿದ್ದೆ ಎಂದು ಬರೆಯಬಹುದು. ಸುಳ್ಳಾಗುತ್ತದೆ.)

ಒಳಗೆ ಬಂದವಳೇ ಸ್ಟೀಲ್ ಡಬ್ಬಿಯೊಂದನ್ನು ಕೈಗಿಟ್ಟಳು. ಮುಚ್ಚಳ ತೆಗೆದರೆ ಸಕ್ಕರೆ. ಸಕ್ಕರೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಐನೂರರ ನೋಟುಗಳು.

"ನಮ್ಮ ಮನಿತನದಾಗ ಕೈಗಡ ತೀರಿಸೋ ಮುಂದ ಬರೇ ರೊಕ್ಕ ಕೊಡೂದಿಲ್ರಿ ಅಕ್ಕಾರ. ಬಾಯಿ ಸಿಹಿ ಮಾಡಿ ಕೊಡ್ತೀವಿ," ಅಂದಳು.

ನಾನು ಹೊಗಳಿದ್ದೇ ಹೊಗಳಿದ್ದು. ಈ ಕಾಲದಲ್ಲಿ ನಿನ್ನಂಥವರು ಎಲ್ಲಿ ಸಿಗುತ್ತಾರೆ ಅಂದೆ. ಚಹಾ ಕುಡಿಯುವಷ್ಟೂ ಪುರಸೊತ್ತಿರಲಿಲ್ಲ ಅವಳಿಗೆ. ಸಿದ್ದಾಪುರಕ್ಕೆ ಹೋಗಬೇಕು, ನಾಳೆ ಯಲ್ಲಾಪುರ ದಾಟಿ ನಂದೊಳ್ಳಿಗೆ, ಎಲ್ಲ ಕಡೆಯ ಕೈಗಡ ಮುಗಿಸಬೇಕು ಎನ್ನುತ್ತಾ ಹೊರಟಳು. ಅದೇ ವಾರ ನಮ್ಮ ಮನೆಗೆ ಹೊಸ ವಾಷಿಂಗ್ ಮಷಿನ್ ಬಂತು.

ಮೊನ್ನೆ ಸೋಮವಾರ ಅವಳ ಫೋನು. "ಅಕ್ಕಾರ, ವಕೀಲರ ಕಡೆ ಹೊಂಟೀನಿ. ಜೋಡಿಗೆ ಬರ್ತೀರೇನು? ದಿವಾಳಿ ಅರ್ಜಿ ಹಾಕೋದೈತಿ."

ದಿವಾಳಿ? ನೋಟಿನ ಕಟ್ಟು ತಂದುಕೊಟ್ಟವಳು ದಿವಾಳಿಯೆ? ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ.

ವಕೀಲರ ಮೇಜಿನ ಮೇಲೆ ಮೂರು ಕ್ರೆಡಿಟ್ ಕಾರ್ಡುಗಳಿದ್ದವು, ಜೊತೆಗೆ ಬಿಲ್ಲಿನ ಕಂತೆ. ಅವಳಂಥದ್ದೇ ಮಷಿನ್ ಪೇಟೆಯ ಇನ್ನೂ ನಾಲ್ಕು ಅಂಗಡಿಗೆ ಬಂದು ಕೆಲಸ ಅರ್ಧಕ್ಕಿಳಿದಿತ್ತಂತೆ. ದಾರದ ಖರ್ಚು, ಬಾಡಿಗೆ ಎಲ್ಲ ಮೊದಲನೇ ಕಾರ್ಡಿಗೆ. ಅದರ ಕಂತಿಗೆ ಎರಡನೆಯದು. ಎರಡನೆಯದಕ್ಕೆ ಮೂರನೆಯದು. ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಅಂತ ಒಂದು ಸಾಲು ಇರುತ್ತದಲ್ಲ, ಅಷ್ಟು ಕಟ್ಟಿದರೆ ಆ ತಿಂಗಳ ಲೆಕ್ಕ ಚುಕ್ತಾ ಅಂತ ಅವಳು ನಂಬಿದ್ದಳು. (ನಾನೂ ಹಾಗೇ ತಿಳಿದಿದ್ದೆ. ನಗಬೇಡಿ, ನಿಮ್ಮ ಬಿಲ್ಲು ತೆಗೆದು ನೋಡಿ.) ಉಳಿದ ಅಷ್ಟೂ ಬಾಕಿಗೆ ಬಡ್ಡಿ ಬೀಳುತ್ತಲೇ ಇತ್ತು.

ಪುಟ ತಿರುವುತ್ತಿದ್ದ ವಕೀಲರು ಒಂದು ಕಡೆ ನಿಂತರು. "ಹೋದ ತಿಂಗಳು ಮೂರೂ ಕಾರ್ಡಿಂದ ಎಟಿಎಮ್ಮಲ್ಲಿ ಕ್ಯಾಶ್ ತೆಗೆದಿದ್ರಿ. ಎರಡು ಲಕ್ಷ ಚಿಲ್ಲರೆ. ಇದು ಎಂತಕ್ಕೆ?"

ಸುವರ್ಣಾ ನೆಟ್ಟಗೆ ಕೂತಳು. "ನಮ್ಮವರದು ಏಳು ಮನಿ ಕೈಗಡ ಇತ್ರಿ. ಎಲ್ಲಾ ತೀರಿಸಿ ಬಂದೀನಿ. ಕೋರ್ಟಿನ ಕಾಗದದಾಗ ನಮ್ಮವರ ಹೆಸರು ಬರಬಾರದು ನೋಡ್ರಿ. ಇನ್ನ ಉಳದದ್ದು ಬರೇ ಬ್ಯಾಂಕಿಂದು."

ಎಷ್ಟು ಹೆಮ್ಮೆಯಿಂದ ಹೇಳಿದಳು ಗೊತ್ತೆ? ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಂತ ಮಾಡ್ಕಂಡ್ರಿ ಮಾರಾಯ್ರೆ! ಅರ್ಜಿ ಹಾಕೋ ಹೊತ್ತಿಗೆ ಕಾರ್ಡಿಂದ ದುಡ್ಡು ತೆಗೆದ್ರೆ, ತೀರಿಸೋ ಮನಸ್ಸಿಲ್ದೇ ತೆಗೆದದ್ದು ಅಂತ ಬ್ಯಾಂಕು ಹೇಳ್ತದೆ. ಬೇಕಾದವರಿಗೆ ಪೂರ್ತಿ ಕೊಟ್ಟು ಉಳಿದವರಿಗೆ ಕೈ ಎತ್ತಿದ್ರೆ ಕೋರ್ಟು ಒಪ್ಪೂದಿಲ್ಲ. ಕೊಟ್ಟದ್ದನ್ನೇ ರದ್ದು ಮಾಡಬಹುದು. ಸಾಲದಿಂದ ಬಿಡುಗಡೆ ಸಿಗದೇನೂ ಹೋಗಬಹುದು."

ಅಂದರೆ ಊರ ಮುಂದೆ ದಿವಾಳಿ ಅನ್ನಿಸಿಕೊಂಡ ಮೇಲೂ ಸಾಲ ಹಾಗೇ ಇರುತ್ತದೆ! ಎರಡು ತಿಂಗಳ ಮೊದಲು ಇದೇ ಕುರ್ಚಿಯಲ್ಲಿ ಬಂದು ಕೂತಿದ್ದರೆ? ವಕೀಲರೇ ಹೇಳಿದರು, ಕಾರ್ಡು ಉಜ್ಜುವುದು ನಿಲ್ಲಿಸಿ, ಅಂಗಡಿಯ ಆದಾಯ ತೋರಿಸಿ, ಕಂತು ಮಾಡಿಕೊಡಿ ಅಂತ ಬ್ಯಾಂಕಿಗೆ ಬರೆದು, ಅವರು ಒಪ್ಪಿದ್ದನ್ನು ಕಾಗದದ ಮೇಲೆ ಪಡೆಯಬಹುದಿತ್ತಂತೆ. ಕಾರ್ಡು ಕೊಡುವವರು ಅಂಗಡಿಗೇ ಬಂದು ನಗುನಗುತ್ತಾ ಸಹಿ ಹಾಕಿಸಿಕೊಂಡು ಹೋದರಲ್ಲ, ಅವರಲ್ಲಿ ಒಬ್ಬರಾದರೂ ಇದನ್ನು ಹೇಳಿದರೇ? ಹೋಗಲಿ, ಸಾಲ ತೀರಿಸುವುದನ್ನು ಇಷ್ಟು ಚೆಂದ ಕಲಿಸಿದ ನಾವು ಬಿಲ್ಲು ಓದುವುದನ್ನು ಯಾಕೆ ಕಲಿಸಲಿಲ್ಲ?

"ಆ ಏಳು ಮನೆಯವರು ವಾಪಸ್ ಕೊಡ್ತಾರಾ ಕೇಳಿ," ಅಂದರು ವಕೀಲರು. "ಕೊಟ್ರೆ ತೆಗೆದ ಕಾರ್ಡಿಗೇ ಕಟ್ಟುವ. ಅರ್ಜಿಯ ಮಾತು ಆಮೇಲೆ."

"ತೀರಿಸಿದ ರೊಕ್ಕ ತಿರುಗಿ ಕೇಳೂದು ಹ್ಯಾಂಗ್ರಿ ಸರ್? ಅದಕ್ಕಿಂತ ಜೇಲಿಗೆ ಹೋಗೂದು ಚಲೋ," ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂರು ಕಾರ್ಡಿನ ಬಾಕಿ ಓದುವಾಗ ಅಳದವಳು ಈಗ ಅತ್ತಳು.

ವಕೀಲರು ನನ್ನತ್ತ ತಿರುಗಿದರು. "ನೀವು ಎಂತಾಗಬೇಕು ಇವರಿಗೆ?"

"ಪರಿಚಯದವರು," ಅಂದೆ.

(ಏಳರಲ್ಲಿ ಒಬ್ಬಳು ಅಂತ ಬಾಯಿಗೆ ಬರಲೇ ಇಲ್ಲ. ವಾರವಾರ ಈ ಅಂಕಣದಲ್ಲಿ ನಿಮಗೆ ಪ್ರಾಮಾಣಿಕತೆಯ ಪಾಠ ಹೇಳುವ ಬಾಯಿ ಇದು.)

ಮರುದಿನ ಆ ಏಳರಲ್ಲಿ ಒಬ್ಬರಾದ ಸಿದ್ದಾಪುರದವರಿಗೆ ಫೋನು ಮಾಡಿದೆ. ಅವರು ಅವಳ ಹಳೆಯ ಗಿರಾಕಿ, ನನಗೂ ಗೊತ್ತಿದ್ದವರು. ವಿಷಯ ಹೇಳಿದೆ. "ನಮ್ಮ ದುಡ್ಡು ನಮಗೆ ಬಂತು. ಅದನ್ನ ಎಂತಕ್ಕೆ ವಾಪಸ್ ಕೊಡೂದು? ಬ್ಯಾಂಕಿಂದು ಅವಳೇ ನೋಡ್ಕಳ್ಲಿ," ಎಂದರು. ಮೈ ಉರಿದುಹೋಯಿತು. ಇಷ್ಟೇನಾ ನಿಮ್ಮ ಮನುಷ್ಯತ್ವ ಅಂತ ಕೇಳಿ ಫೋನಿಟ್ಟೆ. ಇಟ್ಟ ಮೇಲೆ ನೆನಪಾಯಿತು, ನಾನೂ ಇನ್ನೂ ಒಂದು ಪೈಸೆ ಕೊಟ್ಟಿಲ್ಲ.

ಇವತ್ತು ಬೆಳಿಗ್ಗೆ ಸುವರ್ಣಾ ಬಂದಿದ್ದಳು. ವಕೀಲರಿಗೆ ಕೊಡಬೇಕಾದ ಪಟ್ಟಿ ಬರೆದುಕೊಂಡು, ಬರೆದದ್ದು ಸರಿಯಿದೆಯಾ ನೋಡ್ರಿ ಎಂದು. ಏಳು ಹೆಸರು. ಎಲ್ಲಕ್ಕಿಂತ ಮೇಲೆ ನನ್ನದು.

"ನಂದ್ಯಾಕೆ ಮೊದಲು?" ಅಂದೆ.

"ತಿರುಗಿ ಕೊಡೋರ ಹೆಸರು ಮೊದಲ ಬರಿ ಅಂತ ವಕೀಲರು ಹೇಳ್ಯಾರ್ರಿ," ಎಂದಳು. ನನ್ನ ಹೆಸರಿನ ಕೆಳಗೆ ಅಡ್ಡಗೆರೆ ಎಳೆದಿದ್ದಳು. ಉಳಿದ ಆರೂ ಹೆಸರು ಆ ಗೆರೆಯ ಕೆಳಗಿದ್ದವು.

ನಾನು ವಾಪಸ್ ಕೊಡುತ್ತೇನೆಂದು ಅವಳಿಗೆ ಹೇಳಿದವರು ಯಾರು?