ಕಾಡಿಗೆ ಹಚ್ಚಿದ ಪ್ಲಾಸ್ಟಿಕ್ ಕೂಸು

ಅವರ ಬಲಗೈ ತೋರುಬೆರಳಿನ ಉಗುರ ಸಂದಿಯಲ್ಲಿ ಸದಾ ಕಾಡಿಗೆ. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಬೇಡಿರೆಂದು ಕಂಡ ತಾಯಂದಿರನ್ನೆಲ್ಲ ಬೈಯುವ ಕಣ್ಣಿನ ಡಾಕ್ಟರ ಉಗುರಲ್ಲೇ ಕಾಡಿಗೆ! ಮೊದಲ ದಿನ ಕಂಡು ಒಳಗೊಳಗೇ ನಕ್ಕಿದ್ದೆ.

ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮನೆ ನರಗುಂದದಲ್ಲಿ. ನಿವೃತ್ತರಾದ ಮೇಲೂ ರೋಣ, ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಬಂದು, ನನ್ನಂಥ ಮಕ್ಕಳ ಡಾಕ್ಟರುಗಳಿಗೆ ಎಳೆಗೂಸಿನ ಕಣ್ಣು ನೋಡಲು ಕಲಿಸುತ್ತಿದ್ದರು. ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಬೇಗ ಹಿಡಿದರೆ ಹುಬ್ಬಳ್ಳಿಗೆ ಕಳಿಸಿ ಲೇಸರ್ ಮಾಡಿಸಬಹುದು. ತಡವಾದರೆ ಕೂಸು ಕುರುಡು, ಅಷ್ಟೇ. ಆದರೆ ಕಲಿಯುವುದಕ್ಕೆ ಯಾರ ಕೂಸನ್ನು ಗೋಳು ಹೊಯ್ದುಕೊಳ್ಳುವುದು? ಅದಕ್ಕೇ ಮೇಡಂ ಚೀಲದಲ್ಲಿ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆಸಿದ ಕೂಸಿನ ತಲೆಯೊಂದು ಇರುತ್ತಿತ್ತು. ಅದರ ಒಂದು ಕಣ್ಣು ನೆಟ್ಟಗೆ, ಇನ್ನೊಂದರೊಳಗೆ ರೋಗ.

ನಾಲ್ಕು ಸಲ ನೋಡಿದ್ದೇ ತಡ, ನಮಗೆಲ್ಲ ಧಿಮಾಕು. "ಬಂತ್ರಿ ಮೇಡಂ," ಎಂದ ನನ್ನ ಜೊತೆಗಾರ. ಮೇಡಂ ಚೀಲದಿಂದ ಡಬ್ಬಿ ತೆಗೆದು ಪ್ಲಾಸ್ಟಿಕ್ ರೆಪ್ಪೆಗೆ ಎಣ್ಣೆ ಸವರಿ, ಕಾಡಿಗೆ ಬಳಿದರು. ಮೊಬೈಲಿನಲ್ಲಿ ಕೂಸು ಕಿರುಚುವ ದನಿ ಹಚ್ಚಿದರು. ತಲೆಯನ್ನು ಅಲ್ಲಾಡಿಸುತ್ತಿರಲು ನರ್ಸ್ ಕೈಗೆ ಕೊಟ್ಟರು. ನಾವು ಕಿಸಕ್ಕನೆ ನಕ್ಕೆವು.

"ನಗಬ್ಯಾಡ್ರಿ. ಇದು ಅಳಂಗಿಲ್ಲ, ಒದಿಯಂಗಿಲ್ಲ, ಅದಕ್ಕ ಶಾಣ್ಯಾ ಆಗೀರಿ. ನಾಳೆ ಹೊಳೆಮಣ್ಣೂರಾಕಿ ಒಬ್ಬಾಕಿ, ದವಾಖಾನಿಗೆ ಹೊಂಟೀನಂತ ಕೂಸಿಗೆ ಎಣ್ಣಿ ತಿಕ್ಕಿ, ಎರದು, ಕಾಡಗಿ ಹಚ್ಚಿ ತರ್ತಾಳ. ಆವಾಗ ಹ್ಯಾಂಗ ಹಿಡಿತೀರಿ?"

ಹಿಡಿಯಲಾಗಲಿಲ್ಲ. ರೆಪ್ಪೆ ಜಾರಿತು, ಲೆನ್ಸು ಕಪ್ಪಾಯಿತು. ಸಂಜೆಯವರೆಗೂ ಅದೇ ಪಾಡು.

ಕಲಿತವರು ವರ್ಗವಾಗಿ ಹೋಗುತ್ತಿದ್ದರು. ಹೊಸಬರು ಬಂದರೆ ಮತ್ತೆ ಮೊದಲಿಂದ. ಒಮ್ಮೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಊದಿದ ಕಾಲು ಚಾಚಿ ಕೂತಿದ್ದರು. ನನಗೂ ಈ ಕೆಲಸ ಸಾಕುಸಾಕಾಗಿದ್ದ ಕಾಲ. "ಬ್ಯಾಸರಾಗಂಗಿಲ್ರಿ ಮೇಡಂ?" ಎಂದೆ.

"ಭಾಳ ಆಗತೈತಿ. ಮನ್ಯಾಗ ಸುಮ್ನ ಬಿದ್ಕೋಬೇಕ ಅನಸತೈತಿ. ಆದ್ರ ಯಾವ ಕೂಸನ್ನ ಬಿಡ್ಲಿ, ನೀವ ಹೇಳ್ರಿ?"

ಬಸ್ಸು ಬಂತು, ಚೀಲ ಎತ್ತಿಕೊಟ್ಟೆ.

ಮೇಡಂ ತೀರಿಹೋದ ಸುದ್ದಿ ಬಂದಾಗ ಗಜೇಂದ್ರಗಡದ ನನ್ನ ಕೋಣೆಯಲ್ಲಿ ಸವಡಿಯ ಬಾಣಂತಿಯೊಬ್ಬಳು ದಿನ ತುಂಬದ ಕೂಸು ಹಿಡಿದು ಕೂತಿದ್ದಳು. "ಮಧ್ಯಾಹ್ನಕ್ಕ ಮಣ್ಣೈತಂತ್ರಿ, ಲಗೂ ಹೊಂಡ್ರಿ. ಈಕಿನ್ನ ನಾಳೆ ಕರದ್ರಾತು," ಎಂದಳು ನರ್ಸ್. ನಾನು ಎದ್ದೇಬಿಟ್ಟಿದ್ದೆ.

"ಇನ್ನೊಮ್ಮಿ ಮನ್ಯಾಗ ಕಳಸಂಗಿಲ್ರಿ ಅಕ್ಕಾರ," ಎಂದಳು ಬಾಣಂತಿ, ಮೆಲ್ಲಗೆ.

ಕೂತೆ. ಹನಿ ಹಾಕಿ, ಪಾಪೆ ಹಿಗ್ಗುವವರೆಗೆ ಕಾದು ನೋಡಿದೆ. ಎರಡೂ ಕಣ್ಣಲ್ಲಿ ರೋಗ ಶುರುವಾಗಿತ್ತು. ಹುಬ್ಬಳ್ಳಿಗೆ ಫೋನು ಮಾಡಿ, ತಾಯಿ ಕೂಸನ್ನು ಗಾಡಿ ಹತ್ತಿಸಿ, ನರಗುಂದ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಡೆಗೊಮ್ಮೆ ಮುಖ ನೋಡಲೂ ಸಿಗಲಿಲ್ಲ.

ಅವರ ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. "ತಡಾ ಆತ್ರಿ," ಎನ್ನುವಾಗ ನನಗೆ ಅಳು ತಡೆಯಲಾಗಲಿಲ್ಲ.

"ಕೂಸು ಬಂದಿತ್ತೇನ್ರಿ?"

"ಹೌದ್ರಿ. ಹುಬ್ಬಳ್ಳಿಗೆ ಕಳಿಸೀನ್ರಿ. ಕಣ್ಣು ಉಳೀಬಹುದ್ರಿ."

ಅವರು ಸರಿದು ಜಾಗ ಮಾಡಿಕೊಟ್ಟರು. "ಅಕಿನೂ ನಮ್ಮ ಮಗಳ ಲಗ್ನಕ್ಕ ತಾಳಿ ಕಟ್ಟಿ ಅಕ್ಕಿಕಾಳು ಬಿದ್ದ ಮ್ಯಾಲ ಬಂದಾಕಿ. ಕುಂದರ್ರಿ."